ದೋಷವಿಲ್ಲದ ಫಿಶ್ ಅಂಡ್ ಚಿಪ್ಸ್

ಕಡತರಾಯರು ಸುಳ್ಳು ಹೇಳುವವರಲ್ಲ. ಸುಳ್ಳು ಹೇಳಬೇಕಾದರೆ ಎದುರಿಗೆ ಕೇಳುವವರು ಒಬ್ಬರಾದರೂ ಬೇಕು. ಅವರಿಗೆ ಆ ಅನುಕೂಲವಿರಲಿಲ್ಲ. ಊರಿನ ಹೋಟೆಲು, ತಿಂಡಿ ಅಂಗಡಿಗಳ ಶುಚಿತ್ವ ನೋಡಿಕೊಳ್ಳುವ ಕಚೇರಿಯ ದಾಖಲೆ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಅವರೊಬ್ಬರೇ. ಇನ್ಸ್‌ಪೆಕ್ಟರು ಅಂಗಡಿ ಅಂಗಡಿ ಸುತ್ತಿ ಬರೆದು ತಂದ ವರದಿಗಳನ್ನು ಓದಿ, ಕಡತಕ್ಕೆ ಸೇರಿಸಿ, ದಾರ ಬಿಗಿದು ಕಪಾಟಿನಲ್ಲಿಡುವುದು ಅವರ ಕೆಲಸ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಕಚೇರಿಯವರಿಗೆ ಕಡತವೇ ರಾಯರು, ರಾಯರೇ ಕಡತ.

ಈ ಹನ್ನೊಂದು ವರ್ಷದಲ್ಲಿ ಊರಿನ ಅಷ್ಟೂ ಅಡುಗೆಮನೆಗಳ ಒಳಗುಟ್ಟು ರಾಯರಿಗೆ ಬಾಯಿಪಾಠವಾಗಿತ್ತು. ಯಾವ ಹೋಟೆಲಿನ ಎಣ್ಣೆ ಎಷ್ಟು ದಿನದ್ದು, ಯಾವ ಅಡುಗೆಯವನು ಉಗುರು ಕತ್ತರಿಸುವುದಿಲ್ಲ, ಎಲ್ಲಿಯ ಹಿಟ್ಟಿನ ಡಬ್ಬಿಯಲ್ಲಿ ಯಾವ ಜೀವಿಗಳ ಸಂಸಾರ ಸುಖವಾಗಿ ನಡೆದಿದೆ, ಎಲ್ಲ ಗೊತ್ತು. ಗೊತ್ತಿದ್ದರಿಂದಲೇ ಅವರು ಒಂದು ಹೋಟೆಲಿಗೂ ಕಾಲಿಟ್ಟವರಲ್ಲ. ಬೆಳಗ್ಗೆ ಎರಡು ಚೂರು ಬ್ರೆಡ್ಡು, ಒಂದು ಬೇಯಿಸಿದ ಮೊಟ್ಟೆಯನ್ನು ಡಬ್ಬಿಗೆ ಹಾಕಿಕೊಂಡು ಬಂದು, ಮಧ್ಯಾಹ್ನ ಕಪಾಟುಗಳ ನಡುವೆ ಕೂತು ತಿನ್ನುವರು. ಊಟದ ಕೋಣೆ ಮೂರು ಬಾಗಿಲು ಆಚೆ ಇತ್ತು. ಅಲ್ಲಿಂದ ನಗು ಕೇಳಿಸುತ್ತಿತ್ತು. ಬನ್ನಿ ಎಂದು ಯಾರೂ ಕರೆದಿರಲಿಲ್ಲ. ಕರೆಯದೆ ಹೋಗುವ ಅಭ್ಯಾಸ ರಾಯರಿಗಿರಲಿಲ್ಲ. ಹೀಗೆ ಎರಡು ಕಡೆಯ ಮರ್ಯಾದೆಯಲ್ಲಿ ಹನ್ನೊಂದು ವರ್ಷ ಕಳೆದುಹೋಗಿದ್ದವು.

ಒಂದು ಸೋಮವಾರ ದಾಖಲೆ ಕೋಣೆಯ ಕೊಳಾಯಿ ಒಡೆದು, ರಾಯರು ಕೂರುವ ಜಾಗದಲ್ಲಿ ಮೊಣಕಾಲುದ್ದ ಅಲ್ಲದಿದ್ದರೂ ಹಿಮ್ಮಡಿ ನೆನೆಯುವಷ್ಟು ನೀರು ನಿಂತಿತು. ಬೇರೆ ದಾರಿ ಕಾಣದೆ ರಾಯರು ಡಬ್ಬಿ ಹಿಡಿದು ಊಟದ ಕೋಣೆಯ ಮೂಲೆಯಲ್ಲಿ ಬಂದು ಕೂತರು. ಆ ಹೊತ್ತಿಗೆ ಅಲ್ಲಿ ಗಂಭೀರ ಚರ್ಚೆ ನಡೆದಿತ್ತು. ಬೇರೆ ಊರಿನಿಂದ ಹೊಸದಾಗಿ ವರ್ಗವಾಗಿ ಬಂದ ಸಾಹೇಬರಿಗೆ ಫಿಶ್ ಅಂಡ್ ಚಿಪ್ಸ್ ತಿನ್ನುವ ಆಸೆಯಾಗಿತ್ತು. ಹಿಟ್ಟಿನಲ್ಲಿ ಅದ್ದಿ ಗರಿಗರಿಯಾಗಿ ಕರಿದ ಮೀನು, ಪಕ್ಕದಲ್ಲಿ ಬೆರಳು ಗಾತ್ರದ ಆಲೂಗಡ್ಡೆ ಹೋಳು, ಹೀಗೆ ಅವರು ಕೈಯಲ್ಲೇ ಅಳತೆ ತೋರಿಸುತ್ತಿದ್ದರು.

“ಏನ್ರೀ ಇದು, ಇಷ್ಟು ದೊಡ್ಡ ಊರಲ್ಲಿ ಒಳ್ಳೇದು ಎಲ್ಲಿ ಸಿಗುತ್ತೆ ಅಂತ ಒಬ್ಬರಿಗೂ ಗೊತ್ತಿಲ್ವಾ?”

“ಸ್ಟೇಷನ್ ಎದುರುಗಡೇದು ಚೆನ್ನಾಗಿದೆ ಸಾರ್,” ಎಂದ ಟಪಾಲು ವಿಭಾಗದವನು.

“ಎಣ್ಣೆ ಒಂಬತ್ತು ದಿನದ್ದು,” ಎಂದು ಮೂಲೆಯಿಂದ ಧ್ವನಿ ಬಂತು. ರಾಯರು ಅದನ್ನು ಹೇಳಿದ್ದು ಕೈಯಲ್ಲಿದ್ದ ಮೊಟ್ಟೆಗೆ. ಒಂಟಿಯಾಗಿ ಉಣ್ಣುವವರಿಗೆ ಹೀಗೆ ಮಾತಾಡಿಕೊಳ್ಳುವ ರೂಢಿ ಇರುತ್ತದೆ.

“ಸಿನಿಮಾ ಥಿಯೇಟರ್ ಪಕ್ಕ ಒಂದಿದೆಯಲ್ಲ?” ಎಂದ ಇನ್ನೊಬ್ಬ.

“ಮೀನಿನ ಪೆಟ್ಟಿಗೇಲಿ ಮಾಲೀಕರ ಚಪ್ಪಲಿ ಸಿಕ್ಕಿತ್ತು. ಒಂದು ಕಾಲಿಂದು ಮಾತ್ರ.”

ಎಲ್ಲರೂ ಮೂಲೆಯತ್ತ ತಿರುಗಿದರು. ಟೈಪಿಸ್ಟಮ್ಮ ಸೋಲುವ ಹೆಂಗಸಲ್ಲ. “ಬಂದರು ರಸ್ತೆ ಶುರುವಿನಲ್ಲಿರೋ ಅಂಗಡಿಗೆ ಸಮ ಇನ್ನೊಂದಿಲ್ಲ. ಬೇಕಾದ್ರೆ ಟೈಪ್ ಮಾಡಿ ಕೊಡ್ತೀನಿ!”

“ಹದಿನೇಳು ದೋಷ,” ಎಂದರು ರಾಯರು, ಈ ಸಲ ಸ್ವಲ್ಪ ಗಟ್ಟಿಯಾಗಿ. “ದೋಷ ಇರೋ ಅಂಗಡಿಗೆ ವಾರಕ್ಕೊಮ್ಮೆ ಮರುತಪಾಸಣೆ ಆಗ್ಬೇಕು ಅಂತ ನಿಯಮ. ಇನ್ಸ್‌ಪೆಕ್ಟರು ನಾಲ್ಕು ವರ್ಷದಿಂದ ವಾರವಾರ ಹೋಗ್ತಿದ್ದಾರೆ. ಒಂದೂ ಸರಿಹೋಗಿಲ್ಲ. ಪಟ್ಟಿಯಿಂದ ತೆಗೆಯೋಣ ಅಂದ್ರೆ, ದೋಷ ತೀರೋವರೆಗೂ ಕಡತ ಮುಚ್ಚೋ ಹಾಗಿಲ್ಲ.”

ಆ ನಾಲ್ಕು ವರ್ಷದಲ್ಲಿ ಇನ್ಸ್‌ಪೆಕ್ಟರ ಸೊಂಟದ ಸುತ್ತಳತೆ ಮಾತ್ರ ಸಾಕಷ್ಟು ಸುಧಾರಿಸಿತ್ತು. ಅದಕ್ಕೆ ಫಾರಂನಲ್ಲಿ ಜಾಗವಿರಲಿಲ್ಲ.

ಸಾಹೇಬರು ಕುರ್ಚಿಯನ್ನೇ ರಾಯರ ಕಡೆ ತಿರುಗಿಸಿಕೊಂಡರು. “ಹಾಗಾದ್ರೆ ಎಲ್ಲಿ ತಿನ್ಬೇಕು ಅಂತ ನೀವೇ ಹೇಳ್ರೀ.”

ಐದು ಮುಖಗಳು ರಾಯರ ಬಾಯಿಂದ ಬೀಳುವ ಮಾತಿಗೆ ಕಾದಿದ್ದವು. ಹನ್ನೊಂದು ವರ್ಷದಲ್ಲಿ ಇದೇ ಮೊದಲು. ರಾಯರು ಮೊಟ್ಟೆ ಕೆಳಗಿಟ್ಟರು. “ಅದೇ ಬಂದರು ರಸ್ತೆಯ ಕೊನೇ ತಿರುವಿನಲ್ಲಿ ಒಂದು ಅಂಗಡಿ ಇದೆ ಸಾರ್. ಆರು ವರ್ಷದಿಂದ ಒಂದೇ ಒಂದು ದೋಷ ಇಲ್ಲ.”

ಇದು ಅಪ್ಪಟ ನಿಜ. ಆ ಕಡತ ರಾಯರ ಕಣ್ಮಣಿ. ಹಳಸಿದ ಮೀನು: ಇಲ್ಲ. ಕಪ್ಪಾದ ಎಣ್ಣೆ: ಇಲ್ಲ. ನೊಣ: ಇಲ್ಲ. ಗಿರಾಕಿಗಳ ದೂರು: ಇಲ್ಲ. ಅದಕ್ಕೂ ಹಿಂದಿನ ವರದಿಗಳಲ್ಲಿ ಗೋಡೆಗೆ ಎಣ್ಣೆ ಸಿಡಿದಿದೆ, ಜನ ಕಿಕ್ಕಿರಿದಿದ್ದಾರೆ ಎಂದೆಲ್ಲ ಇತ್ತು; ಆರು ವರ್ಷದ ಹಿಂದೆ ಮಾಲೀಕರಿಗೆ ಒಳ್ಳೆಯ ಬುದ್ಧಿ ಬಂದಿರಬೇಕು ಎಂದು ರಾಯರು ತಾವೇ ಊಹಿಸಿಕೊಂಡಿದ್ದರು. ಇಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಅವರ ಕತೆ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

“ನೀವು ಅಲ್ಲಿ ತಿಂದಿದ್ದೀರಾ?” ಎಂದರು ಸಾಹೇಬರು.

“ಪ್ರತಿ ಶನಿವಾರ ಅಲ್ಲೇ ನನ್ನ ಊಟ ಸಾರ್.” ನಾಲಿಗೆ ಜಾರಿಬಿಟ್ಟಿತ್ತು.

“ಒಬ್ಬರೇನಾ?” ಎಂದಳು ಟೈಪಿಸ್ಟಮ್ಮ. ಅವಳು ಕೇಳಿದ್ದು ಸುಮ್ಮನೆ, ಮಾತಿಗೆ ಮಾತು ಅಂತ. ಆದರೆ ಆ ಪ್ರಶ್ನೆ ರಾಯರನ್ನು ಎಲ್ಲಿ ತಾಕಬೇಕೋ ಅಲ್ಲೇ ತಾಕಿತು. ಅವರ ಬಾಡಿಗೆ ಕೋಣೆಯಲ್ಲಿ ತಟ್ಟೆ ಒಂದು, ಲೋಟ ಒಂದು. ಕುರ್ಚಿ ಎರಡಿದ್ದರೂ ಎರಡನೆಯದರ ಮೇಲೆ ಬಟ್ಟೆ ಕೂರುತ್ತಿತ್ತು.

“ಇಲ್ಲ,” ಎಂದರು ರಾಯರು. “ಜೊತೆಗೊಬ್ಬರು ಇರ್ತಾರೆ.”

ಮಂಗಳವಾರ ಮಧ್ಯಾಹ್ನ ಟೈಪಿಸ್ಟಮ್ಮ ದಾಖಲೆ ಕೋಣೆಯ ಬಾಗಿಲಲ್ಲೇ ನಿಂತು ಕರೆದಳು: “ಬನ್ನಿ ರಾಯರೇ, ನಿಮಗೋಸ್ಕರ ಕಾಯ್ತಿದ್ದಾರೆ ಎಲ್ಲ.” ಊಟದ ಮೇಜಿಗೆ ಐದರ ಬದಲು ಆರು ಕುರ್ಚಿ ಹಾಕಲಾಗಿತ್ತು. ಸಂಜೆ ಎಲ್ಲರೂ ಒಟ್ಟಿಗೆ ಬಸ್ ಸ್ಟಾಪಿನವರೆಗೆ ನಡೆದರು, ರಾಯರೂ ನಡೆದರು. ಬುಧವಾರ ಅವರಿಗೊಂದು ಉಪಾಯ ಹೊಳೆದಿತ್ತು. ಕಚೇರಿ ಬಿಟ್ಟ ಕೂಡಲೇ ಗುಟ್ಟಾಗಿ ಬಂದರು ರಸ್ತೆಗೆ ಹೋಗಿ ಒಂದು ಪ್ಲೇಟು ತಿಂದು ಬಂದುಬಿಟ್ಟರೆ ಸುಳ್ಳಿನ ಅರ್ಧ ಭಾರ ಇಳಿಯುತ್ತದೆ. ಆದರೆ ಹಾಗೆ ಹೋದರೆ ಬಸ್ ಸ್ಟಾಪಿನ ನಡಿಗೆ ತಪ್ಪುತ್ತಿತ್ತು. ಅದು ಏಳು ನಿಮಿಷದ ನಡಿಗೆ. ರಾಯರು ಅದನ್ನು ಬಿಡಲಾರದೆ ಹೋದರು. ಗುರುವಾರವೂ ಬಿಡಲಾಗಲಿಲ್ಲ.

ಇತ್ತ ‘ಜೊತೆಗೊಬ್ಬರು’ ಎನ್ನುವ ಮಾತಿಗೆ ಕಾಲು ಬಂದಿತ್ತು. ಟೈಪಿಸ್ಟಮ್ಮ ರಾಯರು ಬಾಡಿಗೆಗಿದ್ದ ಮನೆಯ ಒಡತಿಗೆ ದೂರದ ನೆಂಟಳು. ಮನೆಯೊಡತಿ ಮೆಟ್ಟಿಲಲ್ಲೇ ಅಡ್ಡ ನಿಂತು, “ನಮಗೂ ಒಂದ್ಸಲ ಕರ್ಕೊಂಬಂದು ತೋರಿಸಿ, ನಾವೇನು ಕಚ್ಚಿ ತಿಂತೀವಾ?” ಎಂದು ಕಣ್ಣು ಮಿಟುಕಿಸಿದಳು. ಬೇರೆ ಊರಿನಲ್ಲಿದ್ದ ರಾಯರ ಅಕ್ಕನಿಗೂ ಅವಳೇ ಫೋನು ಮಾಡಿದಳು. ಅಕ್ಕ ಭಾನುವಾರ ಮಾತ್ರ, ಅದೂ ಮೂರೇ ನಿಮಿಷ ಮಾತಾಡುವವಳು. ಈ ಸಲ ಗುರುವಾರವೇ ಫೋನು ಬಂತು.

“ಯಾರೋ ಅದು? ಒಡಹುಟ್ಟಿದೋಳಿಗೆ ಒಂದು ಮಾತು ಹೇಳ್ಬಾರ್ದಾ?”

“ಅಕ್ಕ, ಅದು ಹಾಗಲ್ಲ…”

“ಹೇಗಾದ್ರೂ ಇರ್ಲಿ ಬಿಡು. ವಿಷಯ ಕೇಳಿದಾಗಿಂದ ನನಗೆ ಕೈಕಾಲೇ ಆಡ್ತಿಲ್ಲ. ನೀನು ಅಲ್ಲಿ ಒಬ್ಬನೇ ತಿಂತಿರ್ತೀಯ ಅಂತ ಅಂದ್ಕೊಂಡ್ರೆ ನನಗೆ ತುತ್ತೇ ಇಳಿತಿರ್ಲಿಲ್ಲ ಕಣೋ. ಇವತ್ತು ಹೊಟ್ಟೆ ತುಂಬ ಊಟ ಮಾಡ್ದೆ.”

ಅಕ್ಕ ಅಳುತ್ತಿದ್ದಳು, ಸಂತೋಷಕ್ಕೆ. ಹೊಟ್ಟೆ ತುಂಬ ಉಂಡವಳಿಗೆ ಹೇಳುವ ಮಾತಲ್ಲವೆಂದು ರಾಯರು ನಿಜವನ್ನು ನುಂಗಿಕೊಂಡರು. ಐವತ್ತಮೂರು ವರ್ಷದ ಗಂಡಸು ಫೋನಿಗೆ ತಲೆಯಾಡಿಸಿದ.

ಶುಕ್ರವಾರ ಸಾಹೇಬರು ತೀರ್ಮಾನ ಹೊರಡಿಸಿದರು. ನಾಳೆ ಅರ್ಧ ದಿನ. ಇಡೀ ಕಚೇರಿ ರಾಯರ ಅಂಗಡಿಗೆ. ರಾಯರ ‘ಜೊತೆಗಾರರ’ ಪರಿಚಯವೂ ಆದ ಹಾಗಾಯಿತು. ಊಟದ ವಿಷಯವನ್ನು ಮಾತ್ರ ಎರಡು ಸಲ ವಿಚಾರಿಸುವ ಅಭ್ಯಾಸ ಸಾಹೇಬರಿಗೆ. ಊರ ಆಚೆ ಎಲ್ಲೋ ತಪಾಸಣೆಯಲ್ಲಿದ್ದ ಇನ್ಸ್‌ಪೆಕ್ಟರಿಗೆ ಫೋನು ಹಚ್ಚಿದರು.

“ಬಂದರು ರಸ್ತೆ ಕೊನೇ ಅಂಗಡಿ ಹೇಗಿದೆ ಇನ್ಸ್‌ಪೆಕ್ಟರೇ?”

ಮೇಲಧಿಕಾರಿ ಇದ್ದಕ್ಕಿದ್ದಂತೆ ಒಂದೇ ಅಂಗಡಿಯ ಹೆಸರು ಹಿಡಿದು ಕೇಳಿದರೆ ಯಾವ ಇನ್ಸ್‌ಪೆಕ್ಟರಿಗೆ ಎದೆ ಡವಗುಟ್ಟುವುದಿಲ್ಲ? ವಿಚಾರಣೆಯೇ ಬಂತೆಂದು ಅವರು ಹೊಗಳಲು ಶುರುಮಾಡಿದರು. “ಬಹಳ ಶುದ್ಧ ಸಾರ್. ಅಷ್ಟು ಶುದ್ಧವಾದ ಅಂಗಡಿ ನಾನು ನೋಡೇ ಇಲ್ಲ. ನೊಣ ಕೂಡ ಒಳಗೆ ಬರಲ್ಲ.”

“ಜನ ಹೇಗೆ? ನೂಕುನುಗ್ಗಲು ಇರುತ್ತಾ?”

“ಛೆ ಛೆ, ಗಲಾಟೆ ಅನ್ನೋದೇ ಇಲ್ಲ ಸಾರ್. ಎಷ್ಟು ಹೊತ್ತು ಬೇಕಾದ್ರೂ ನೆಮ್ಮದಿಯಾಗಿ ಕೂತ್ಕೋಬಹುದು.”

ಸಾಹೇಬರಿಗೆ ಬಾಯಲ್ಲಿ ನೀರೂರಿತು. ಅವರು ಶನಿವಾರ ಬೆಳಗಿನ ತಿಂಡಿಯನ್ನೂ ಬಿಟ್ಟು ಬಂದರು.

ಬಸ್ಸಿನಲ್ಲಿ ರಾಯರಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಿದ್ದರು. ಜೊತೆಗೊಬ್ಬರು ಇಲ್ಲದಿರುವುದಕ್ಕೆ ಏನು ನೆಪ ಹೇಳುವುದೆಂದು ಅವರು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದರು: ನೆಗಡಿ ಅನ್ನಲೇ, ನೆಂಟರ ಮನೆ ಅನ್ನಲೇ? ಮೀನಿನ ಬಗ್ಗೆ ಮಾತ್ರ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಬಂದರು ರಸ್ತೆಯ ಶುರುವಿನಲ್ಲಿ ಹದಿನೇಳು ದೋಷದ ಅಂಗಡಿ ಸಿಕ್ಕಿತು. ಜನ ಬೀದಿಗೇ ಚೆಲ್ಲಿ ನಿಂತು ತಿನ್ನುತ್ತಿದ್ದರು. ಕರಿದ ಮೀನಿನ ಘಮ ಬಸ್ಸಿನೊಳಗೆ ನುಗ್ಗಿತು. ರಾಯರು ಕಿಟಕಿ ಮುಚ್ಚಿದರು.

ಕೊನೆಯ ತಿರುವಿನಲ್ಲಿ ಅಂಗಡಿ ಇತ್ತು. ಬೋರ್ಡಿನ ಬಣ್ಣ ಮಾಸಿದ್ದರೂ ಗಾಜಿನ ಬಾಗಿಲು ಫಳಫಳ ಹೊಳೆಯುತ್ತಿತ್ತು. “ನೋಡಿ ಸಾರ್, ಒಂದಿಷ್ಟೂ ವಾಸನೆ ಇಲ್ಲ,” ಎಂದು ರಾಯರು ಹೆಮ್ಮೆಯಿಂದ ತೋರಿಸಿದರು. ಬಾಗಿಲು ಬಡಿದಾಗ, ಮೇಲಿನ ಮನೆಯಿಂದ ಹೆಂಗಸೊಬ್ಬಳು ಕೈ ಒರೆಸಿಕೊಳ್ಳುತ್ತ ಇಳಿದು ಬಂದಳು. ರಾಯರ ವಯಸ್ಸಿನವಳೇ ಇರಬೇಕು. ಟೈ ಕಟ್ಟಿದ ಸಾಹೇಬರನ್ನೂ ಅವರ ಹಿಂದಿನ ದಂಡನ್ನೂ ಕಂಡು ಅವಳ ಮುಖ ಬಿಳಿಚಿತು.

“ಅಯ್ಯೋ, ಈ ಸಲ ಆರು ಜನಾನಾ? ಇನ್ನೂ ಎರಡು ತಿಂಗಳಿದೆ ಅಂದ್ಕೊಂಡಿದ್ದೆ!”

“ಹೌದಮ್ಮ, ಆರು ಜನ,” ಎಂದು ಸಾಹೇಬರು ನಗುತ್ತಾ ಒಳನಡೆದರು. “ನಿಮ್ಮ ಹೆಸರು ಕೇಳಿ ತಡೆಯೋಕಾಗ್ಲಿಲ್ಲ.”

“ನೋಡಿ ಸಾರ್, ಎಲ್ಲಿ ಬೇಕಾದ್ರೂ ನೋಡಿ,” ಎಂದು ಅವಳು ಮೇಜಿನ ಅಡಿ ಬೆರಳಾಡಿಸಿ ಧೂಳಿಲ್ಲದ ಬೆರಳು ತೋರಿಸಿದಳು. ಕರಿಯುವ ಬಾಣಲೆಯ ಮುಚ್ಚಳ ತೆಗೆದಳು. ಸಾಹೇಬರು ಬಗ್ಗಿ ನೋಡಿದರೆ ತಳದಲ್ಲಿ ಅವರ ಮುಖವೇ ಕಂಡಿತು. “ಇಂಥ ಬಾಣಲೆ ನಾನು ಜನ್ಮದಲ್ಲಿ ನೋಡಿಲ್ಲ!” ಎಂದು ಉದ್ಗರಿಸಿ ಅವರು ಕೈ ತೊಳೆದು ಬಂದು ಕೂತರು. ಉಳಿದವರೂ ಕೂತರು. ರಾಯರ ಕುರ್ಚಿಯ ಒಂದು ಕಾಲು ಮೋಟು. ಅಲುಗಿದರೆ ಟಕ್ ಎನ್ನುತ್ತಿತ್ತು.

ಹತ್ತು ನಿಮಿಷ ಕಳೆಯಿತು. ಇವರು ಮೀನು ಬರಲೆಂದು ಕಾಯುತ್ತಿದ್ದರು. ಅವಳು ಕೈಕಟ್ಟಿ ಗೋಡೆಗೆ ಒರಗಿ ತೀರ್ಪು ಬರಲೆಂದು ಕಾಯುತ್ತಿದ್ದಳು. ರಾಯರ ಕುರ್ಚಿ ಟಕ್ ಎಂದಿತು. ಸಾಹೇಬರ ಹೊಟ್ಟೆ ತಾಳ ಹಾಕತೊಡಗಿತು.

“ಅಮ್ಮಾ, ಮೀನು?”

“ಇಲ್ಲ ಸಾರ್! ಒಂದು ಚೂರೂ ಇಲ್ಲ.”

“ಆಲೂಗಡ್ಡೆ?”

“ಅದೂ ಇಲ್ಲ. ಬೇಕಾದ್ರೆ ಮೂಲೆಮೂಲೆ ಹುಡುಕಿ.”

“ಎಣ್ಣೆ…?”

“ಆರು ವರ್ಷದಿಂದ ಒಂದು ತೊಟ್ಟು ಇಲ್ಲ ಸಾರ್,” ಎಂದಳು ಅವಳು, ಹೊಗಳಿಕೆ ಬಂದೇ ಬರುತ್ತದೆಂಬ ಭರವಸೆಯಿಂದ.

ಮೊದಲು ಬಾಯಿ ಬಂದದ್ದು ಟೈಪಿಸ್ಟಮ್ಮನಿಗೆ. “ಮತ್ತೆ ಇವರು ಪ್ರತಿ ಶನಿವಾರ ಬಂದು ಇಲ್ಲಿ ಏನು ತಿಂತಾರೆ?”

ಅಂಗಡಿಯಾಕೆ ರಾಯರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಇವರಾ? ಇವರನ್ನ ನಾನು ನೋಡೇ ಇಲ್ವಲ್ಲ. ಯಾರು, ಹೊಸ ಇನ್ಸ್‌ಪೆಕ್ಟರಾ?”

ಟಕ್, ಎಂದಿತು ಕುರ್ಚಿ.

ಸಾಹೇಬರು ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. “ಏಳ್ರೀ, ರಸ್ತೆ ಶುರುವಿನಲ್ಲಿರೋ ಅಂಗಡಿಗೆ ಹೋಗೋಣ. ದೋಷ ಇದ್ರೂ ಮೀನಾದ್ರೂ ಇದೆ,” ಎಂದಷ್ಟೇ ಹೇಳಿ ಎದ್ದರು. ಎಲ್ಲರೂ ಎದ್ದರು. ಟಪಾಲಿನವನು ಬಾಗಿಲ ಹೊರಗೆ ಹೋಗಿ ನಕ್ಕ. ಇನ್ನೊಬ್ಬನಿಗೆ ಅಷ್ಟು ತಾಳ್ಮೆ ಇರಲಿಲ್ಲ, ಒಳಗೇ ನಕ್ಕ. ಟೈಪಿಸ್ಟಮ್ಮ ಬಾಗಿಲಲ್ಲಿ ಒಂದು ಕ್ಷಣ ತಿರುಗಿ ನೋಡಿದಳು. ರಾಯರು ನೆಲ ನೋಡುತ್ತಿದ್ದರು. ಅವಳೂ ಹೊರಟುಹೋದಳು.

“ನೀವು ಹೋಗಲ್ವಾ?” ಎಂದಳು ಅಂಗಡಿಯಾಕೆ.

ರಾಯರು ಕೂತೇ ಇದ್ದರು. ಗುರುತಿಲ್ಲದ ಆ ಹೆಂಗಸಿನ ಮುಂದೆ ಅವರು ಎಲ್ಲವನ್ನೂ ಹೇಳಿಬಿಟ್ಟರು: ಕೊಳಾಯಿ, ಮೊಟ್ಟೆ, ಆರನೆಯ ಕುರ್ಚಿ, ಏಳು ನಿಮಿಷದ ನಡಿಗೆ, ಹೊಟ್ಟೆ ತುಂಬ ಉಂಡ ಅಕ್ಕ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು. ಆಮೇಲೆ ಮೇಲೆ ಹೋಗಿ ಎರಡು ಲೋಟ ಚಹ ತಂದಳು.

“ನಮ್ಮವರು ಹೋದ್ಮೇಲೆ ಬಾಣಲೆ ಒಲೆ ಮೇಲೆ ಇಡ್ಲಿಲ್ಲ. ಕರಿಯೋ ಕೈ ಅವರದು, ನನಗೆ ಬರಲ್ಲ.”

“ಹಾಗಾದ್ರೆ ಲೈಸೆನ್ಸ್ ಯಾಕಮ್ಮ ಇಟ್ಕೊಂಡಿದ್ದೀರಿ?”

“ವಾಪಸ್ ಕೊಟ್ರೆ ಇನ್ಸ್‌ಪೆಕ್ಟರ್ ಬರೋದು ನಿಂತುಹೋಗುತ್ತಲ್ಲ. ವರ್ಷಕ್ಕೊಂದ್ಸಲ ಬರ್ತಾರೆ, ಚಹ ಕುಡೀತಾರೆ, ಮೊಣಕಾಲು ನೋವು ಹೇಳ್ಕೊಂಡು ಹೋಗ್ತಾರೆ. ಅವರು ಬರ್ತಾರೆ ಅಂತ ಎರಡು ತಿಂಗಳು ಮುಂಚೆಯಿಂದ ಉಜ್ಜೋಕೆ ಶುರು ಮಾಡ್ತೀನಿ. ಇನ್ಯಾರು ಬರ್ತಾರೆ ಇಲ್ಲಿಗೆ?”

ರಾಯರಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ಅದನ್ನೇ ಹೇಳಿದರು. “ನಿಮ್ಮ ಕಡತದಲ್ಲಿ ಹಳೇ ವರದಿ ಒಂದಿದೆ. ‘ಮಾಲೀಕರು ಮೀನು ಕರಿಯುವಾಗ ಗಟ್ಟಿಯಾಗಿ ಹಾಡುತ್ತಾರೆ, ಅಕ್ಕಪಕ್ಕದವರಿಂದ ದೂರು ಬಂದಿದೆ.’ ಪುಟ ಹದಿನಾಲ್ಕು.”

ಅವಳ ಕೈಯ ಲೋಟ ಅರ್ಧದಲ್ಲೇ ನಿಂತಿತು. “ಅದನ್ನ ಬರೆದಿಟ್ಟಿದ್ದಾರಾ?”

“ಇಟ್ಟಿದ್ದಾರೆ.”

“ಶ್ರುತಿ ಅನ್ನೋದೇ ಇರ್ಲಿಲ್ಲ ಅವರಿಗೆ.”

“ಅದೂ ಇದೆ ಅದರಲ್ಲಿ.”

ಅವಳು ನಕ್ಕಳು. ನಗುತ್ತಾ ನಗುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ರಾಯರು ಮರ್ಯಾದೆಗೆ ಬಾಣಲೆಯ ಕಡೆ ನೋಡುತ್ತಾ ಕೂತರು. ಸಂಕೋಚದಲ್ಲಿ ಅವರು ಅಲುಗಿದಾಗಲೆಲ್ಲ ಕುರ್ಚಿ ಟಕ್ ಟಕ್ ಎನ್ನುತ್ತಿತ್ತು.

ಸೋಮವಾರ ಇನ್ಸ್‌ಪೆಕ್ಟರನ್ನು ಸಾಹೇಬರು ಕೋಣೆಗೆ ಕರೆಸಿಕೊಂಡರು. ಕೂಗು ಕಾರಿಡಾರಿನವರೆಗೆ ಕೇಳುತ್ತಿತ್ತು. “ಆರು ವರ್ಷದಿಂದ ಮುಚ್ಚಿರೋ ಅಂಗಡಿಗೆ ದೋಷವಿಲ್ಲ ಅಂತ ಹೇಗ್ರೀ ಬರೆದ್ರಿ?”

“ದೋಷ ಇರ್ಲಿಲ್ಲವಲ್ಲ ಸಾರ್!”

“ಅಂಗಡಿ ನಡೀತಿದೆಯೋ ಇಲ್ವೋ ಅಂತ ಬರೀಬೇಡ್ವಾ?”

“ಆ ಪ್ರಶ್ನೆ ಫಾರಂನಲ್ಲೇ ಇಲ್ಲ ಸಾರ್.”

ಫಾರಂ ತರಿಸಿ ನೋಡಲಾಯಿತು. ನಿಜವಾಗಿಯೂ ಇರಲಿಲ್ಲ. ಸಾಹೇಬರು ಹಣೆ ಒತ್ತಿಕೊಂಡು, ಆ ಅಂಗಡಿಯನ್ನು ಇವತ್ತೇ ಪಟ್ಟಿಯಿಂದ ತೆಗೆದು ಕಡತ ಮುಚ್ಚುವಂತೆ ಆಜ್ಞೆ ಮಾಡಿದರು.

ಆಜ್ಞೆ ದಾಖಲೆ ಕೋಣೆಗೆ ಬಂತು. ಅಷ್ಟರಲ್ಲಿ ಕೊಳಾಯಿ ರಿಪೇರಿಯಾಗಿತ್ತು. ರಾಯರು ಕಪಾಟುಗಳ ನಡುವೆ ಕೂತು ಬ್ರೆಡ್ಡು ತಿನ್ನುತ್ತಿದ್ದರು. ಮೂರು ಬಾಗಿಲು ಆಚೆ ಐದು ಕುರ್ಚಿಯ ನಗು ಕೇಳುತ್ತಿತ್ತು. ಎಲ್ಲ ಮೊದಲಿನ ಹಾಗೇ ಇತ್ತು, ಆದರೆ ನಾಲ್ಕು ದಿನ ಆರನೆಯ ಕುರ್ಚಿಯಲ್ಲಿ ಕೂತು ಬಂದವರಿಗೆ ಅದು ಮೊದಲಿಗಿಂತ ಕಷ್ಟವಾಗಿತ್ತು. ಅವರು ಆ ಕಡತವನ್ನು ಬಿಚ್ಚಿದರು. ಮುಚ್ಚುವ ಷರಾ ಬರೆಯಲು ಪೆನ್ನು ತೆಗೆದರು. ದೋಷವಿಲ್ಲದ ಆರು ಪುಟಗಳನ್ನು ತಿರುವಿದರು, ಪುಟ ಹದಿನಾಲ್ಕನ್ನು ಇನ್ನೊಮ್ಮೆ ಓದಿದರು. ಆಮೇಲೆ ಹೊಸ ಹಾಳೆ ತೆಗೆದು ಬರೆದರು: “ಶನಿವಾರದ ಭೇಟಿಯಲ್ಲಿ ದೋಷವೊಂದು ಕಂಡುಬಂದಿದೆ. ಒಂದು ಕುರ್ಚಿಯ ಕಾಲು ಮೋಟಾಗಿದ್ದು, ಕೂತವರು ಅಲುಗಿದರೆ ಸದ್ದಾಗುತ್ತದೆ. ನಿಯಮದಂತೆ ದೋಷ ತೀರುವವರೆಗೆ ಕಡತ ಮುಚ್ಚುವಂತಿಲ್ಲ. ವಾರಕ್ಕೊಮ್ಮೆ ಮರುತಪಾಸಣೆ ಅಗತ್ಯ. ಇನ್ಸ್‌ಪೆಕ್ಟರಿಗೆ ಮೊಣಕಾಲು ನೋವಿರುವುದರಿಂದ ದಾಖಲೆ ಗುಮಾಸ್ತರನ್ನು ನಿಯೋಜಿಸಬಹುದು.”

ಟೈಪಿಸ್ಟಮ್ಮ ಅದನ್ನು ಟೈಪ್ ಮಾಡುತ್ತಾ ಅರ್ಧದಲ್ಲಿ ನಿಲ್ಲಿಸಿದಳು. ರಾಯರ ಮುಖ ನೋಡಿದಳು. ರಾಯರು ಕಿಟಕಿ ನೋಡಿದರು. ಅವಳು ಮೇಲಿನ ಸಾಲಿಗೆ ಹಿಂತಿರುಗಿ, ‘ದೋಷ’ಕ್ಕೆ ಮೊದಲು ‘ಗಂಭೀರ’ ಎಂಬ ಪದವೊಂದನ್ನು ತಾನೇ ಸೇರಿಸಿ, ಸಾಹೇಬರ ಸಹಿಗೆ ಕಾದಿದ್ದ ಕಾಗದದ ರಾಶಿಯ ನಡುವೆ ತೂರಿಸಿದಳು. ಸಾಹೇಬರು ರಾಶಿಯನ್ನು ಓದಿ ಸಹಿ ಹಾಕುವವರಲ್ಲ.

ಮುಂದಿನ ಶನಿವಾರ ಮಧ್ಯಾಹ್ನ, ಹದಿನೇಳು ದೋಷದ ಅಂಗಡಿಯ ಮುಂದಿನ ಸಾಲಿನಲ್ಲಿ ಕಡತರಾಯರು ನಿಂತಿದ್ದರು. ಎರಡು ಪೊಟ್ಟಣ ಕಟ್ಟಿಸಿಕೊಂಡು ರಸ್ತೆಯ ಕೊನೆಯವರೆಗೆ ನಡೆದರು. ಜೇಬಿನಲ್ಲಿ ಪುಟ ಹದಿನಾಲ್ಕರ ನಕಲು ಮಡಚಿ ಇಟ್ಟಿದ್ದರು.

ಭಾನುವಾರ ಅಕ್ಕನ ಫೋನು ಬಂತು.

“ನಿನ್ನೆ ಹೋಗಿದ್ಯೇನೋ?”

“ಹೋಗಿದ್ದೆ ಅಕ್ಕ.”

“ಒಬ್ಬನೇನಾ?”

“ಇಲ್ಲ.” ಆ ಮಾತು ನಿಜವೆನ್ನುವುದು ರಾಯರಿಗೇ ಇನ್ನೂ ರೂಢಿಯಾಗಿರಲಿಲ್ಲ. “ಇಲ್ಲ ಅಕ್ಕ, ಜೊತೆಗೊಬ್ಬರು ಇದ್ರು.”

“ಮೀನು ಹೇಗಿತ್ತು?”

“ಎಣ್ಣೆ ಕಪ್ಪಾಗಿತ್ತು. ನಡ್ಕೊಂಡು ಬರೋಷ್ಟರಲ್ಲಿ ಮೀನು ತಣ್ಣಗಾಗಿತ್ತು. ಕುರ್ಚಿ ಅಲ್ಲಾಡ್ತಿತ್ತು.”

“ಹಾಗಾದ್ರೆ ಮತ್ತೆ ಹೋಗಲ್ವಾ?”

“ಹೋಗ್ಲೇಬೇಕಲ್ಲ ಅಕ್ಕ,” ಎಂದರು ಕಡತರಾಯರು. “ದೋಷ ಇನ್ನೂ ಹಾಗೇ ಇದೆ.”